ವಿಶ್ವನಾಥಪ್ಪ ಗುರುಗಳು ಮತ್ತು ಉಣ್ಣೆಯ ಲೆಕ್ಕ

ಜಮಾ-ಖರ್ಚಿನ ವಿದ್ಯೆ ಅಂಗಡಿಯ ಗಾದಿ ಬಿಟ್ಟು ಇಳಿಯದಿದ್ದ ಕಾಲದಲ್ಲಿ ಅದನ್ನು ಶಾಲೆಯ ಹಲಗೆಗೆ ತಂದವರು, ಬಂಡವಾಳವೆಂದರೇನು, ಲಾಭವೆಂದರೇನು ಎಂಬುದನ್ನು ಉರ್ದು ಪುಸ್ತಕದಿಂದ ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದವರು ಶ್ರೀ ವಿಶ್ವನಾಥಪ್ಪ ಗುರುಗಳು. ಉಮರ್ಗಾದಲ್ಲಿ ಸೇವೆಗೆ ಸೇರಿ, ನಿಲಂಗಾದಲ್ಲಿ ಬಹುಕಾಲ ದುಡಿದು, ಈ ವರ್ಷ ಉದಗೀರದ ಶಾಲೆಯಿಂದ ನಿವೃತ್ತರಾಗುತ್ತಿರುವ ಅವರು ಯಾವ ವಿದ್ಯಾರ್ಥಿಯ ತಪ್ಪನ್ನೂ ತಾವಾಗಿ ತೋರಿಸಿಕೊಟ್ಟವರಲ್ಲ. ತಪ್ಪಿದವರೇ ಹುಡುಕಬೇಕು ಎಂಬುದು ಅವರ ಪದ್ಧತಿ. ಆ ಪದ್ಧತಿಯನ್ನು ಅವರು ಮುರಿದದ್ದು ಚಂದ್ರಭಾಗಾಳಿಗಾಗಿ.

ವಲಾಂಡಿಯ ಕುರಿಗಾರ ಅಂಬಣ್ಣನ ಮಗಳು ಚಂದ್ರಭಾಗಾ. ಗಂಡ ಅಮೋಘಸಿದ್ಧ ತೀರಿಕೊಂಡ ಮೇಲೆ ತವರಿಗೆ ಬಂದ ಆಕೆ ಅಳಲಿಲ್ಲ, ಹೆಚ್ಚು ಮಾತಾಡಲೂ ಇಲ್ಲ. ಪುಣೆಯ ಮಹಿಳಾ ಕಾಲೇಜಿನ ಪ್ರವೇಶ ಪರೀಕ್ಷೆ ಬರೆಯುತ್ತೇನೆಂದು ಮಾತ್ರ ಹೇಳಿದಳು. ಅಂಬಣ್ಣ ಒಂದು ಸಲಕ್ಕೆ ಒಪ್ಪಿದ. ತಪ್ಪಿದರೆ ಮತ್ತೆ ಆ ಮಾತು ಎತ್ತಬಾರದು. ಸುದ್ದಿ ಕೇಳಿದ ಗುರುಗಳು ಆಕೆಯನ್ನು ಉದಗೀರದ ತಮ್ಮ ಮನೆಯಲ್ಲೇ ಇರಿಸಿಕೊಂಡು ಕಲಿಸಿದರು. ಅವರ ಪತ್ನಿ ಶಿವಗಂಗಾಬಾಯಿಯವರು ಜೋಳ ಹಸನು ಮಾಡುತ್ತ ಪಾಠದ ಪಕ್ಕದಲ್ಲೇ ಕುಳಿತಿರುತ್ತಿದ್ದರು.

ಬಟ್ಟೆ, ಉಪ್ಪು, ಎಣ್ಣೆಯ ಲೆಕ್ಕಗಳನ್ನು ಆಕೆ ತಡವರಿಸದೆ ಮಾಡುತ್ತಿದ್ದಳು. ಉಣ್ಣೆ ಅಥವಾ ಜೋಳ ಬಂತೆಂದರೆ ಲಾಭ ಪ್ರತಿ ಸಲವೂ ಕಡಿಮೆ ಬರುತ್ತಿತ್ತು. ಕೂಡಿದ್ದು ಸರಿ, ಕಳೆದದ್ದು ಸರಿ, ಉತ್ತರ ತಪ್ಪು. ಪರೀಕ್ಷೆ ಹತ್ತಿರವಾಯಿತು. ಹುಡುಕಿ ಹುಡುಕಿ ಆಕೆ ಸೋತಳು, ಗುರುಗಳಿಗೂ ತಿಳಿಯಲಿಲ್ಲ. ಕೊನೆಗೆ ಅವರು, ಮನೆಯಲ್ಲಿ ಉಣ್ಣೆಯ ಲೆಕ್ಕ ಹೇಗೆ ಹಿಡಿಯುತ್ತಾರೆಂದು ನೋಡಲು, ಆಕೆಯನ್ನು ಕರೆದುಕೊಂಡು ಎತ್ತಿನ ಗಾಡಿಯಲ್ಲಿ ವಲಾಂಡಿಗೆ ಹೊರಟರು. ಅಲ್ಲಿ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು.

“ಸಾಲ್ಯಾಗಿನ ಕುರಿ ಸಾಲಲಿಲ್ಲೇನ್ರಿ ಮಾಸ್ತರ, ನಮ್ಮವನ್ನೂ ಎಣಸ್ಲಾಕ ಬಂದೀರಿ?” ಎಂದು ಆಕೆಯ ತಾಯಿ ಅಂಜನಾಬಾಯಿ ನಗಾಡಿದಳು.

ಗುರುಗಳೂ ನಕ್ಕು ದೊಡ್ಡಿಯ ಅಂಚಿನಲ್ಲಿ ಕುಳಿತರು. ಅಂಜನಾಬಾಯಿ ಮೊದಲು ಬಂದ ಉಣ್ಣೆಯನ್ನು ಬಟ್ಟೆಯಲ್ಲಿ ಕಟ್ಟಿ, ಕುರಿಗಾರರ ದೇವರು ಬೀರಪ್ಪನ ಹೆಸರಿನಲ್ಲಿ ಗುಡಿಸಲಿನ ಕಂಬಕ್ಕೆ ತೂಗುಹಾಕಿದಳು. ಉಳಿದದ್ದನ್ನಷ್ಟೇ ತೂಗಿದಳು. ಗುರುಗಳು ಚಂದ್ರಭಾಗಾಳತ್ತ ತಿರುಗಿದರು. ರಾಶಿಯ ಜೋಳದಲ್ಲೂ ಹೀಗೆಯೇ ತೆಗೆದಿಡುವಿರೇ ಎಂದು ಕೇಳಿದರು. ಆಕೆಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. ದೇವರ ಪಾಲು ತೆಗೆಯದೆ ಲೆಕ್ಕ ಶುರುಮಾಡುವವರು ಯಾರು? ಪಾಠದ ಲೆಕ್ಕದಲ್ಲೂ ಆಕೆ ಆ ಪಾಲನ್ನು ಮನಸ್ಸಿನಲ್ಲೇ ತೆಗೆದಿಟ್ಟು, ಉಳಿದದ್ದನ್ನಷ್ಟೇ ಜಮಾ ಬರೆಯುತ್ತಿದ್ದಳು.

“ಕೊಡಬ್ಯಾಡ ಅಂತ ನಾ ಅನ್ನಂಗಿಲ್ಲವ್ವ,” ಎಂದರು ಗುರುಗಳು. “ಆದ್ರ ಮೊದಲ ಜಮಾದಾಗ ಬರಿ, ಆಮ್ಯಾಲ ಕೊಡು. ಕೈಯಾಗಿಂದು ಹೋಯ್ತಂತ ಹೇಳಿ, ಬಂದೇ ಇಲ್ಲ ಅನಬಾರದು.”

ಚಂದ್ರಭಾಗಾ ಕಂಬದ ಗಂಟನ್ನು ಇಳಿಸಿ ತೂಗಿ, ಮತ್ತೆ ಅಲ್ಲೇ ಕಟ್ಟಿದಳು. ಆ ಸಂಜೆ ತಾಯಿಯ ಜೊತೆ ಉಣ್ಣೆ ಹಿಂಜುತ್ತ, ಅಮೋಘಸಿದ್ಧ ಮರಿಗಳನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸುತ್ತಿದ್ದ ಬಗೆಯನ್ನು ಹೇಳಿದಳು. ತವರಿಗೆ ಬಂದ ಮೇಲೆ ಗಂಡನ ಹೆಸರು ಆಕೆಯ ಬಾಯಲ್ಲಿ ಬಂದದ್ದು ಅದೇ ಮೊದಲು. ಅಂಜನಾಬಾಯಿ ಕೆಲಸ ನಿಲ್ಲಿಸದೆ ಕೇಳಿಸಿಕೊಂಡಳು.

ಪರೀಕ್ಷೆಯಲ್ಲಿ ಜೋಳದ ಲೆಕ್ಕ ಬಂದಿತ್ತು. ಆಕೆ ರಾಶಿಯನ್ನು ಪೂರ್ತಿಯಾಗಿ ಜಮಾ ಬರೆದಳು, ತೇರ್ಗಡೆಯಾದಳು. ಅರ್ಥಶಾಸ್ತ್ರದಲ್ಲಿ ಪದವಿ ಪಡೆದು ಉದಗೀರಕ್ಕೇ ಮರಳಿದಳು. ಗುರುಗಳು ಬಿಟ್ಟುಹೋಗುವ ತರಗತಿ ಬರುವ ವರ್ಷದಿಂದ ಆಕೆಯದು. ತರಗತಿಗೆ ಬರುತ್ತಿರಬೇಕೆಂದು ಕೇಳಲು ಆಕೆ ಮನೆಗೆ ಹೋದಾಗ ಗುರುಗಳು ಬೇಡವೆಂದು ಕೈಯಾಡಿಸಿಬಿಟ್ಟರು.

“ಇನ್ನ ಅಲ್ಲಿ ನಂದೇನದವ್ವ?”

“ವರ್ಷದ ಮೊದಲನೇ ಲೆಕ್ಕ ನಿಮ್ಮ ಪಾಲರೀ ಗುರುಗಳ. ಮೊದಲ ಜಮಾದಾಗ ಬರದು, ಆಮ್ಯಾಲ ತೆಗದಿಟ್ಟೀನಿ.”

ಗುರುಗಳು ನಕ್ಕು ಒಪ್ಪಿಕೊಂಡರು. ಅವರಿಗೂ ಶಿವಗಂಗಾಬಾಯಿಯವರಿಗೂ ಆರೋಗ್ಯವೂ ದೀರ್ಘಾಯುಷ್ಯವೂ ಇರಲಿ; ಪ್ರತಿ ವರ್ಷ ಆ ಹಲಗೆಯ ಮುಂದೆ ನಿಂತು ಗುರುಗಳು ತಮ್ಮ ಪಾಲನ್ನು ತಾವೇ ಪಡೆಯಲಿ.