ಚೆನ್ನಿ ಯಾರ ಕುದುರೆ?

ಇಂಗ್ಲಿಷರ ನಾಡಿನ ಹಡರ್ಸ್‌ಫೀಲ್ಡಿನಲ್ಲಿದ್ದ ಶರಣಮ್ಮನಿಗೆ ಹೊಟ್ಟೆಕಿಚ್ಚು ಎಂಬುದೇ ಗೊತ್ತಿಲ್ಲ ಎಂದು ಅವಳ ಗಂಡ ಡಾಕ್ಟರ್ ರಾಜಶೇಖರ್ ಕಂಡಕಂಡವರಿಗೆ ಹೇಳುತ್ತಿದ್ದರು. ಪಾಪ, ಗಂಡಸರಿಗೆ ಇಂಥದ್ದೆಲ್ಲ ಎಲ್ಲಿ ತಿಳಿಯಬೇಕು! ನಾದಿನಿ ಬಂಗಾರದ ಪಾಟಲಿ ಮಾಡಿಸಿಕೊಂಡರೂ, ಪಕ್ಕದ ಮನೆಯವರು ಹೊಸ ಕಾರು ತಂದು ನಿಲ್ಲಿಸಿದರೂ ಆಕೆ ಕಣ್ಣೆತ್ತಿ ನೋಡಿದವಳಲ್ಲ, ನಿಜ. ಆದರೆ ಆಕೆಗೆ ಇನ್ನೂ ಚೆನ್ನಿ ಸಿಕ್ಕಿರಲಿಲ್ಲ.

ಶರಣಮ್ಮ ಬಾಗಲಕೋಟೆ ಕಡೆಯ ಹೆಣ್ಣುಮಗಳು. ಆಸ್ಪತ್ರೆಯ ಲ್ಯಾಬಿನಿಂದ ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಕೂತು ಬೇಸತ್ತು, ಊರ ಮೇಲಿನ ಗುಡ್ಡದ ಕುದುರೆ ಆಶ್ರಯಧಾಮಕ್ಕೆ ಲದ್ದಿ ಬಳಿಯಲು ಹೋಗತೊಡಗಿದಳು. ಬಯಲುಗುಡ್ಡದಲ್ಲಿ ಯಾರ ಹಂಗಿಲ್ಲದೆ ಬೆಳೆದು, ಚಳಿಗಾಲಕ್ಕೆ ಮೇವಿಲ್ಲದೆ ಎಲುಬುಗೂಡಾದ ಕುದುರೆಗಳನ್ನು ಅಲ್ಲಿಗೆ ತಂದು, ಮನುಷ್ಯರ ಸಹವಾಸ ಕಲಿಸಿ, ಒಳ್ಳೆಯ ಮನೆ ನೋಡಿ ಕೊಡುತ್ತಾರೆ. ಹಾಗೆ ಬಂದ ಒಂದು ಎಳೆಯ ಹೆಣ್ಣುಕುದುರೆಗೆ ಆಫೀಸಿನವರು ಪಾಪಿ ಎಂದು ಹೆಸರಿಟ್ಟಿದ್ದರು. ಇಂಗ್ಲಿಷಿನಲ್ಲಿ ಅದು ಹೂವೇ ಇರಲಿ, ಬಾಯಿಬಿಟ್ಟು ಕರೆಯುವ ಹೆಸರೇ ಅದು? ಶರಣಮ್ಮ ಚೆನ್ನಿ ಎಂದಳು.

ಚೆನ್ನಿ ಮೊದಮೊದಲು ಮನುಷ್ಯರ ನೆರಳು ಕಂಡರೂ ಗೋಡೆಗೆ ಹಾಯುತ್ತಿತ್ತು. ಶರಣಮ್ಮ ಲಾಯದ ಬಾಗಿಲಲ್ಲಿ ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಕುದುರೆಗೆ ಬೆನ್ನು ಮಾಡಿ ಕೂತು, ಅತ್ತೆಯ ಮೇಲಿನ ಹಳೇ ಸಿಟ್ಟನ್ನೆಲ್ಲ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಕೊನೆಗೊಂದು ದಿನ ಕುತ್ತಿಗೆಗೆ ಬಿಸಿಯುಸಿರು ತಾಗಿತು. ಚೆನ್ನಿ ಅವಳ ಉಣ್ಣೆಟೋಪಿ ಮೂಸುತ್ತಿತ್ತು. ಅಂದಿನಿಂದ ಆ ಲಾಯದ ಪಾಳಿಪಟ್ಟಿಯಲ್ಲಿ ಬೇರೆ ಯಾರ ಹೆಸರೂ ಬರದಂತೆ ಆಕೆ ನೋಡಿಕೊಂಡಳು.

ಬಡಾಯಿ ಮಾತ್ರ ಬಿಡಲಾಗಲಿಲ್ಲ. ಟಿವಿಡೇಲ್ ಎಂಬ ಊರಿನ ಗುಡಿಗೆ ಹೋದಾಗ ಸಿಕ್ಕ ಪ್ರತೀಕ್ಷಾಳಿಗೆ, "ಬಾರವ್ವಾ, ನನ್ನ ಕುದುರಿ ನೋಡುವಂತಿ. ನನ್ನ ಬಿಟ್ಟು ಯಾರಿಗೂ ಮುಟ್ಟಗೊಡೂದಿಲ್ಲ" ಎಂದಳು. ಪ್ರತೀಕ್ಷಾ ಬೆಂಗಳೂರಿನವಳು, ಟಿವಿ ಕಚೇರಿಗಳಿರುವ ಮೀಡಿಯಾಸಿಟಿಯಲ್ಲಿ ಕೆಲಸ, ಗುಡ್ಡದಡಿ ಮನೆ, ಮನೆಯ ಹಿಂದೆ ಹುಲ್ಲುಗಾವಲು. ಬಂದಳು, ಬೇಲಿಯಾಚೆ ಸುಮ್ಮನೆ ನಿಂತಳು. ಚೆನ್ನಿ ನೆಟ್ಟಗೆ ಹೋಗಿ ಅವಳ ಅಂಗೈಗೆ ಮೂತಿ ಇಟ್ಟಿತು!

"ಅಯ್ಯೋ ಆಂಟಿ, ಎಷ್ಟು ಸಾಧು ಇದು! ನಾನೇ ಸಾಕ್ಕೊಳ್ಲಾ?"

ಶರಣಮ್ಮ ಕೇಳಿಸದವಳಂತೆ ಸಲಿಕೆ ಹಿಡಿದು ಲದ್ದಿ ಬಳಿಯತೊಡಗಿದಳು. ಚಳಿಯಲ್ಲಿ ಕೂತು ಸೊಂಟ ಮರಗಟ್ಟಿಸಿಕೊಂಡವಳು ತಾನು, ಮುದ್ದು ಈ ನಿನ್ನೆಮೊನ್ನೆಯವಳಿಗೆ! ತಾನೇ ಸಾಕೋಣವೆಂದರೆ ಮನೆಯ ಹಿಂದೆ ಬಟ್ಟೆ ಒಣಹಾಕುವಷ್ಟೇ ಜಾಗ.

ಆಶ್ರಯಧಾಮದ ಯಜಮಾನಿ ಹೆಲೆನ್ ಒಪ್ಪಿಬಿಟ್ಟಳು. ಹೊಸ ಒಡತಿಯ ವಾಸನೆ ಕುದುರೆಗೆ ರೂಢಿಯಾಗಲೆಂದು ಅವರು ತೊಟ್ಟ ಬಟ್ಟೆಯೊಂದನ್ನು ಲಾಯದಲ್ಲಿ ತೂಗುಹಾಕುವುದು ಅಲ್ಲಿನ ಪದ್ಧತಿ. ಪ್ರತೀಕ್ಷಾ ತನ್ನ ಸ್ವೆಟರ್ ಕೊಟ್ಟು ಹೋದಳು. ಶರಣಮ್ಮ ಅದನ್ನು ಮನೆಗೊಯ್ದು ಬಿಸಿನೀರಲ್ಲಿ ಒಗೆದು, ತಾನೇ ತೊಟ್ಟುಕೊಂಡು ಅಡುಗೆ ಮಾಡಿದಳು.

"ಯಾರದ ಅದು?" ಎಂದರು ರಾಜಶೇಖರ್.

"ನಂದ ಅಲ್ಲೇನ್ರಿ? ಯಾಕ, ನನಗ ಒಪ್ಪೂದಿಲ್ಲೇನು?"

ಆಮೇಲೆ ಅದನ್ನು ತಂದು ಲಾಯದಲ್ಲಿ ತೂಗುಹಾಕಿದಳು. ಪ್ರತೀಕ್ಷಾ ನೋಡಲು ಬರುತ್ತೇನೆಂದು ಫೋನ್ ಮಾಡಿದಾಗಲೆಲ್ಲ, "ಇವತ್ತ ಬ್ಯಾಡವ್ವಾ, ಅದಕ್ಕ ಮೈಯಾಗ ಆರಾಮಿಲ್ಲ" ಎಂದು ಸಾಗಹಾಕಿದಳು.

ಕರೆದೊಯ್ಯುವ ದಿನ ಬಂತು. ಪ್ರತೀಕ್ಷಾ ಹಗ್ಗ ಹಿಡಿದು ಟ್ರೈಲರಿನತ್ತ ನಡೆದಳು. ಚೆನ್ನಿ ಅವಳ ತೋಳು ಮೂಸಿತು. ಗುರುತು ಸಿಗಲಿಲ್ಲ. ಬೆದರಿ ಹಿಂದಕ್ಕೆ ಜಗ್ಗಿ, ಅವಳನ್ನು ಕಂಬಕ್ಕೆ ಅಪ್ಪಳಿಸಿ, ಓಡಿಬಂದು ಶರಣಮ್ಮನ ಕಂಕುಳಲ್ಲಿ ತಲೆ ಹುದುಗಿಸಿತು. ಎಲ್ಲರೆದುರು! ಶರಣಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು. ಆಮೇಲೆ ಚೆನ್ನಿಯ ಬೆವರು ಕೈಗೆ ಹತ್ತಿತು. ಕುದುರೆ ಮೈಯೆಲ್ಲ ಗಡಗಡ ನಡುಗುತ್ತಿತ್ತು.

"ಒಬ್ಬರಿಗೇ ಅಂಟಿಕೊಂಡ ಕುದುರೆಯನ್ನು ಯಾವ ಮನೆಗೂ ಕೊಡಲಾಗುವುದಿಲ್ಲ," ಎಂದಳು ಹೆಲೆನ್. "ನಿಮ್ಮೊಬ್ಬರಿಗೇ ಬಿಟ್ಟದ್ದು ನನ್ನ ತಪ್ಪು. ಇನ್ನು ನೀವು ಇದರ ಹತ್ತಿರ ಬರಬೇಡಿ. ಪ್ರತೀಕ್ಷಾ ಒಪ್ಪಿದರೆ ಮೊದಲಿಂದ ಶುರುಮಾಡಲಿ. ಒಪ್ಪದಿದ್ದರೆ ಇದರ ಬಾಳೆಲ್ಲ ಈ ಲಾಯದಲ್ಲೇ."

ಪ್ರತೀಕ್ಷಾ ಭುಜ ಹಿಡಿದುಕೊಂಡು ಅಳುತ್ತಿದ್ದಳು. "ಅದಕ್ಕೆ ನಾನು ಬೇಡ ಆಂಟಿ, ನೀವೇ ಬೇಕು. ನಾನು ಬಿಟ್ಬಿಡ್ತೀನಿ."

ಈ ಮಾತಿಗಾಗಿ ಶರಣಮ್ಮ ಏನೆಲ್ಲ ಮಾಡಿರಲಿಲ್ಲ! ಈಗ ಅದು ಕಿವಿಗೆ ಬಿದ್ದರೆ ಸುಖವೇ ಇಲ್ಲ. ಚೆನ್ನಿಯ ತಲೆಯನ್ನು ಮೆಲ್ಲಗೆ ಬಿಡಿಸಿ, ಹಗ್ಗವನ್ನು ಬೇಲಿಗೆ ಕಟ್ಟಿ, ಆಕೆ ಕಾರಿನತ್ತ ನಡೆದಳು. ಹಿಂದಿನಿಂದ ಕುದುರೆ ಕೆನೆಯಿತು. ಮತ್ತೆ ಕೆನೆಯಿತು.

"ಆಂಟಿ, ನಿಮ್ಮನ್ನ ಕರೀತಾ ಇದೆ."

"ನನ್ನಲ್ಲವ್ವಾ, ನಿನ್ನ ಕರ್ಯಾಕತ್ತೈತಿ," ಎಂದಳು ಶರಣಮ್ಮ ತಿರುಗಿ ನೋಡದೆ. "ಹೋಗ, ಹೋಗಿ ಹಗ್ಗ ಹಿಡಕೋ."

ಹುಡುಗಿಯ ಬೂಟಿನ ಸಪ್ಪಳ ಬೇಲಿಯತ್ತ ಹೋಯಿತು. ಸ್ವಲ್ಪ ಹೊತ್ತಿಗೆ ಕೆನೆತ ನಿಂತಿತು. ಅಷ್ಟು ಬೇಗ ನಿಲ್ಲಬಾರದಿತ್ತು ಎನ್ನಿಸಿತು ಶರಣಮ್ಮನಿಗೆ.