ಸಟ್ಟುಗದ ಹಿಡಿಗೆ ಸುತ್ತಿದ ಸೀರೆ

ಟಿವಿ ಸ್ಟೇಷನ್ ಒಳಗೆ ಕೆಲಸ ಹೇಗೆ ನಡೆಯುತ್ತದೆಂದು ನೋಡಿ ಬರೆಯಿರಿ ಎಂದು ಮೊಮ್ಮಗಳಿಗೆ ಕಾಲೇಜಿನಲ್ಲಿ ಹೇಳಿದ್ದರು. ನುಂಗಂಬಾಕ್ಕಂನ ಒಂದು ಸಣ್ಣ ಚಾನೆಲ್‌ಗೆ ಮಧ್ಯಾಹ್ನದ ಊಟ ಹೋಗುವುದು ತ್ರಿಪ್ಲಿಕೇನ್‌ನ ನಮ್ಮ ಮೆಸ್ಸಿನಿಂದ. ಆ ಪರಿಚಯದ ಮೇಲೆ ನಾನೇ ಅವಳನ್ನು ಕರೆದುಕೊಂಡು ಹೋದೆ.

ಸುದ್ದಿ ಓದುವ ಕೋಣೆಯಲ್ಲಿ ನೋಡಲಿಕ್ಕೆ ಏನೂ ಇಲ್ಲ. ಹಸಿರು ಬಟ್ಟೆ, ಮೇಜು, ಮೇಲೆ ಕೋಟು, ಕೆಳಗೆ ಹವಾಯಿ ಚಪ್ಪಲಿ ಹಾಕಿದ ಒಬ್ಬ. ಅದರ ಪಕ್ಕದ ಕೋಣೆಯಲ್ಲಿ ಸುದ್ದಿಯ ಚಿತ್ರ ಕತ್ತರಿಸಿ ಜೋಡಿಸುವವನು ಕೂತಿದ್ದ.

"ವಾಂಗ ಪಾಟ್ಟಿ, ಉಟ್ಕಾರುಂಗ" ಎಂದು, ಅಜ್ಜಿ ಕೂತುಕೊಳ್ಳಿ ಎನ್ನುವ ಹಾಗೆ, ಕುರ್ಚಿ ಎಳೆದ.

ಅವನ ಪರದೆಯ ಮೇಲೆ ಒಬ್ಬನನ್ನು ದೀಪದ ಕಂಬಕ್ಕೆ ಕಟ್ಟಿ ನಾಲ್ವರು ಹೊಡೆಯುತ್ತಿದ್ದರು. ಭಾನುವಾರ ನಮ್ಮ ಹಿಂದಿನ ಬೀದಿಯಲ್ಲಿ ಫೋನ್ ಕದ್ದನೆಂದು ಸಿಕ್ಕಿಬಿದ್ದವನು. ತುಟಿ ಸೀಳಿತ್ತು. ನೀರು ಕೇಳಲು ಬಾಯಿ ತೆರೆದರೆ ಒಬ್ಬ ಅದರೊಳಗೆ ಉಗಿದ. ಎಂಟು ಸೆಕೆಂಡಿನ ಆ ತುಂಡನ್ನು ಚಿತ್ರದವನು ತಿರುಗಿಸಿ ತಿರುಗಿಸಿ ಹಾಕಿದ. ಏಟು ಬೀಳುವಲ್ಲಿ ನಿಲ್ಲಿಸಿ ಕೆಂಪು ಸುತ್ತು ಹಾಕುತ್ತಿದ್ದ. ಆಮೇಲೆ ಮುಖ ಮಸುಕು ಮಾಡಿದ, ಪೆಟ್ಟು ತಿಂದವನದ್ದು ಮಾತ್ರ.

"ಅವನಿಗೆ ಒಂದು ಕಣ್ಣು ಹೋಯಿತು ಪಾಟ್ಟಿ. ಮೂವರು ಸಿಕ್ಕಿದರು. ಈ ಹೆಲ್ಮೆಟ್ಟಿನವನು ಮಾತ್ರ ಯಾರೆಂದು ಪೊಲೀಸಿಗೂ ಗೊತ್ತಿಲ್ಲ" ಎಂದ ತಮಿಳಿನಲ್ಲಿ.

ಹೆಲ್ಮೆಟ್ಟಿನವನು ನಮಗೆ ಬೆನ್ನು ಹಾಕಿದ್ದ. ಕೈಯಲ್ಲಿ ದೋಸೆ ಮಗುಚುವ ಕಬ್ಬಿಣದ ಸಟ್ಟುಗ. ಅದನ್ನು ಕಿವಿಯ ಹಿಂದಕ್ಕೆ ಎತ್ತಿ, ಅಂಚು ತಿರುಗಿಸಿ ಹೊಡೆಯುತ್ತಿದ್ದ. ಹಾಗೆ ಹೊಡೆಯುವ ರೀತಿ ನನ್ನದು. ಮಗ ಸಣ್ಣವನಿದ್ದಾಗ ಅವನ ಬೆನ್ನಿನ ಮೇಲೆ ಬಾಸುಂಡೆ ಬರುವ ಹಾಗೆ ಹೊಡೆದಿದ್ದೇನೆ. ಈ ಭಾನುವಾರ ರಾತ್ರಿ ಬೆರಳಿಗೆ ಕಟ್ಟಿದ್ದ ಬ್ಯಾಂಡೇಜು ಏನೆಂದು ಕೇಳಿದರೆ ಅವನು ಬಚ್ಚಲಲ್ಲಿ ಜಾರಿದೆ ಎಂದಿದ್ದ.

ಮೊಮ್ಮಗಳಿಗೆ ತೋರಿಸಲೆಂದು ಚಿತ್ರದವನು ಆ ಕೈಯನ್ನು ದೊಡ್ಡದು ಮಾಡಿದ. ಹಿಡಿಗೆ ಸುತ್ತಿದ ಬಟ್ಟೆ ಕಂಡಿತು, ನೀಲಿ ಮೇಲೆ ಹಳದಿ ಹೂ. ಕೈ ಸುಡಬಾರದೆಂದು ನನ್ನ ಹಳೆ ಸೀರೆ ಹರಿದು ನಾನೇ ಸುತ್ತಿದ್ದು. ಉಳಿದ ತುಂಡಿನಲ್ಲಿ ಮೊಮ್ಮಗಳಿಗೆ ಚೀಲ ಹೊಲಿದಿದ್ದೆ. ಅದು ಅವಳ ಹೆಗಲಲ್ಲಿತ್ತು.

ಅವಳು ಮೆಲ್ಲಗೆ ಚೀಲವನ್ನು ಬೆನ್ನ ಹಿಂದೆ ಸರಿಸಿದಳು.

"ಪಾಟ್ಟಿ, ವೇಂಡಾಂ, ಬೇಡ. ಅದು ಅಪ್ಪಾ" ಎಂದಳು, ಉಸಿರಿನಲ್ಲಿ.

"ಗೊತ್ತುಂಟು ಮಾರಾಯ್ತಿ. ಬೆಳಿಗ್ಗೆ ಆ ಸಟ್ಟುಗದಲ್ಲೇ ದೋಸೆ ಮಗುಚಿ ನಿಂಗೆ ಹಾಕಿದ್ದಲ್ಲವಾ ನಾನು?"

ಕಂಬದವನ ತಲೆ ಪರದೆಯ ಮೇಲೆ ಮತ್ತೊಮ್ಮೆ ಪಕ್ಕಕ್ಕೆ ವಾಲಿತು. ನಾನು ಚೀಲಕ್ಕೆ ಕೈ ಹಾಕಿದೆ. ಅವಳು ಬಿಡಲಿಲ್ಲ. ಎಳೆದೆ. ಅವಳು ನನ್ನ ಮಣಿಕಟ್ಟಿಗೆ ಹಲ್ಲು ಊರಿದಳು, ರಕ್ತ ಬಂತು. ಚಿತ್ರದವನು ಕುರ್ಚಿ ಬಿಟ್ಟು ಎದ್ದ. ನಾನು ಚೀಲ ಕಿತ್ತು ಅವನ ಮೇಜಿನ ಮೇಲೆ, ಪರದೆಯ ಕೆಳಗೆ ಇಟ್ಟೆ.

ಅವನು ಚೀಲ ನೋಡಿದ, ಪರದೆ ನೋಡಿದ. ನನ್ನ ಮುಖ ನೋಡಲಿಲ್ಲ.

"ನನ್ನ ಮಗ" ಎಂದೆ. "ಸುತ್ತು ಹಾಕು."

ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಸಂಜೆ ಟಿಫಿನ್ ಹೊತ್ತಿಗೆ ಪೊಲೀಸರು ಬಂದಾಗ ಮಗ ಹೆಂಚಿನ ಮುಂದೆಯೇ ನಿಂತಿದ್ದ. ಅವನ ಕೆನ್ನೆಗೆ ಬಾರಿಸಿ, ಕಾಲರ್ ಹಿಡಿದು ಗಿರಾಕಿಗಳ ನಡುವೆ ಎಳೆದುಕೊಂಡು ಹೋದರು. ಸಟ್ಟುಗವನ್ನೂ ಒಯ್ದರು. ಹೆಂಚಿನ ಮೇಲಿದ್ದ ದೋಸೆ ಕರಕಲಾಯಿತು. ಅದನ್ನು ತೆಂಗಿನಕಾಯಿ ಕತ್ತಿಯಲ್ಲಿ ಕೆರೆದು ತೆಗೆದೆ.