ನಿಪ್ಪಾಣಿಯಿಂದ ಶೇಡಬಾಳಕ್ಕೆ ಆರು ಮೀನು

ನಿಪ್ಪಾಣಿಯ ಬಸ್ ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಎಂಟು ಗಂಟೆ. ತಂಬಾಕಿನ ಘಾಟಿಗೆ ನಾನು ಸಾಲಾಗಿ ನಾಲ್ಕು ಸಲ ಸೀನಿದ್ದನ್ನು ನೋಡಿ ಚಹದ ಅಂಗಡಿಯವನು ನಕ್ಕ. ಕೈಯಲ್ಲಿ ಅಲ್ಯೂಮಿನಿಯಮ್ಮಿನ ಒಂದು ಕ್ಯಾನು. ಕಂಡವರೆಲ್ಲ ಅದನ್ನು ಹಾಲಿನದೆಂದೇ ತಿಳಿಯುತ್ತಿದ್ದರು. ಒಳಗಿದ್ದದ್ದು ದ್ರವ ಸಾರಜನಕ. ಬೆರಳು ಅದ್ದಿದರೆ ಬೆರಳೇ ಹೋದೀತು, ಅಷ್ಟು ತಣ್ಣಗಿನದು.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಕರಾವಳಿಯ ಕಾಲೇಜೊಂದರಲ್ಲಿ ಅಧ್ಯಾಪಕಿಯಾಗಿದ್ದುಕೊಂಡು ಸಾಕುಮೀನಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಮೀನಿನ ಮೈಯಲ್ಲಿ ಸ್ನಾಯು ಬೆಳೆಸುವ ಜೀನುಗಳಿವೆ, ‘ಇನ್ನು ಸಾಕು’ ಎಂದು ತಡೆಯುವ ಜೀನೂ ಇದೆ. ಒಂದೇ ತಾಯಿಯ ಕಟ್ಲಾ ಮರಿಗಳನ್ನು ವರ್ಷದ ಹಿಂದೆ ಚಿಕ್ಕೋಡಿ, ಮುಗಳಖೋಡ ಮತ್ತು ಶೇಡಬಾಳದ ಹೊಂಡಗಳಿಗೆ ಬಿಟ್ಟಿದ್ದೆವು. ಪ್ರತಿ ಹೊಂಡದಿಂದ ದಪ್ಪನೆಯದೊಂದು, ಬಡಕಲೊಂದು ಮೀನು ಹಿಡಿದು, ಅವುಗಳ ಸ್ನಾಯುವಿನಲ್ಲಿ ಯಾವ ಜೀನು ಎಷ್ಟು ದುಡಿಯುತ್ತಿದೆ ಎಂದು ನೋಡಬೇಕಿತ್ತು. ಮೀನು ಸತ್ತ ಕೆಲವೇ ನಿಮಿಷಗಳಲ್ಲಿ ಆ ದುಡಿಮೆಯ ಗುರುತು ಅಳಿಯತೊಡಗುತ್ತದೆ. ಆದ್ದರಿಂದ ಸ್ನಾಯುವಿನ ಚೂರನ್ನು ತಕ್ಷಣ ಸಾರಜನಕಕ್ಕೆ ಹಾಕಿ, ಊರು ಮುಟ್ಟುವವರೆಗೂ ಅದರಲ್ಲೇ ಇಡಬೇಕು. ಆ ವಾರವೇ ಹೊಂಡಗಳ ಮೀನೆಲ್ಲ ಮಾರಾಟಕ್ಕೆ ಹೋಗುವುದಿತ್ತು. ಇದು ತಪ್ಪಿದರೆ ನನ್ನ ಮೂರು ವರ್ಷದ ಕೆಲಸ ನೀರುಪಾಲು.

ಚಿಕ್ಕೋಡಿಗೆ ಬಸ್ ಚಾರ್ಜು ಆರು ರೂಪಾಯಿ. ಹೊಂಡದ ಯಜಮಾನರು ಲಿಂಗಾಯತರು. ಮೀನು ಬೆಳೆಸುತ್ತಾರೆ, ಮುಟ್ಟುವುದಿಲ್ಲ. ಕಬ್ಬು ಬಾರದ ಸವಳು ನೆಲಕ್ಕೆ ಹೊಂಡ ತೋಡಿಸಿದ್ದರು. ನಾನು ಬದುವಿನ ಮೇಲೇ ಕುಳಿತು ಕೊಯ್ದೆ. ಮುಗಿದ ಮೇಲೆ ಯಜಮಾನತಿ ದೂರದಿಂದಲೇ ಬಿಸಿನೀರು ಸುರಿದು, ಮೂರು ಸಲ ಸೋಪು ಹಚ್ಚಿಸಿ, ಆಮೇಲೆ ಪಕ್ಕದಲ್ಲೇ ಕೂರಿಸಿಕೊಂಡು ರೊಟ್ಟಿ, ಜುಣಕ ಬಡಿಸಿದರು. “ನಾಚಬ್ಯಾಡ್ರಿ ಬಾಯಾರ, ಇನ್ನೊಂದ್ ತಗೋರಿ” ಎಂದು ಬಡಿಸಿದ್ದು ನಾಲ್ಕನೆಯ ರೊಟ್ಟಿ. ಅಂಥ ಊಟ ಆಮೇಲೆ ಎಷ್ಟು ಕಡೆ ಹುಡುಕಿದೆನೋ!

ಮರುದಿನ ರಾಯಬಾಗ ದಾಟಿ ಮುಗಳಖೋಡ. ಅಲ್ಲಿಯೂ ಕೆಲಸ ಸಲೀಸಾಗಿ ಆಯಿತು. ತಪ್ಪಾದದ್ದು ಅಥಣಿಗೆ ಹೊರಟ ಟೆಂಪೋದಲ್ಲಿ, ಅದೂ ನನ್ನ ಚಹದ ಚಪಲದಿಂದ. ಕ್ಯಾನನ್ನು ಟೆಂಪೋದ ಬದಿಗೆ ಇಟ್ಟು ಅಂಗಡಿಗೆ ಹೋದೆ. ಆ ಸೀಮೆಯಲ್ಲಿ ಹಾಲಿನ ಕ್ಯಾನುಗಳೆಲ್ಲ ಟೆಂಪೋದ ಮೇಲೆಯೇ ಓಡಾಡುತ್ತವೆ. ತುಂಬಿದ್ದನ್ನು ನಿಲ್ಲಿಸುತ್ತಾರೆ, ಖಾಲಿಯದನ್ನು ಮಲಗಿಸಿ ಕಟ್ಟುತ್ತಾರೆ. ಸಾರಜನಕ ಹಾಲಿಗಿಂತ ಹಗುರ, ಅದೂ ಅಷ್ಟರಲ್ಲಿ ಅರ್ಧ ಆರಿಹೋಗಿತ್ತು. ಡ್ರೈವರ್ ಎತ್ತಿ ನೋಡಿ, ಖಾಲಿ ಎಂದುಕೊಂಡು, ಟಾಪಿನ ಮೇಲೆ ಅಡ್ಡ ಮಲಗಿಸಿ ಬಿಗಿಯಾಗಿ ಕಟ್ಟಿದ್ದ. ಕ್ಯಾನು ಒಳಗೇ ಇದೆಯೆಂದು ನಂಬಿ ನಾನು ಕಿಟಕಿಯ ಪಕ್ಕ ಹಾಯಾಗಿ ತೂಕಡಿಸಿದೆ.

ಅಥಣಿಯಲ್ಲಿ ಇಳಿಸಿದಾಗ ಕ್ಯಾನಿನ ಹೊರಮೈ ಬೆವರುತ್ತಿತ್ತು. ಅಂದರೆ ಏಟು ಬಿದ್ದು ಅದು ಕೆಟ್ಟಿದೆ, ಇನ್ನು ಅದರಲ್ಲಿ ತಂಪು ನಿಲ್ಲುವುದಿಲ್ಲ. ಕಟ್ಟಿಗೆಯ ಕಡ್ಡಿ ಇಳಿಸಿ ನೋಡಿದೆ. ಹಿಮ ಅಂಟಿದ್ದು ಎರಡು ಬೆರಳಿನಷ್ಟು, ಉಳಿದದ್ದು ಸಡಿಲ ಮುಚ್ಚಳದಿಂದ ಚೆಲ್ಲಿಹೋಗಿತ್ತು. ಒಳಗಿನದು ಬೇಗ ಆರಿಹೋಗುತ್ತದೆ, ಮೀನಿನ ಚೂರು ಉಳಿಯುವುದಿಲ್ಲ ಎಂದೆ. “ಸಂಜೀಮಟಾನೂ ನಿಲ್ಲಂಗಿಲ್ಲ ಅಂತೀರೇನ್ರಿ?” ಎಂದು ಡ್ರೈವರ್ ಕೇಳಿದ. ನಾನು ತಲೆಯಾಡಿಸಿದೆ. ಅವನು ತಾನಾಗಿಯೇ ಟೆಂಪೋ ತಿರುಗಿಸಿ, “ದಸ್ತಗೀರನ ಹಂತ್ಯಾಕ ಇಂಥದ್ದ ಕ್ಯಾನ್ ಐತ್ರಿ, ಏರ್ರಿ” ಎಂದ.

ದಸ್ತಗೀರ ಸಾಹೇಬರು ಊರೂರು ಸುತ್ತಿ ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವವರು. ಕೋಣದ ವೀರ್ಯದ ನಳಿಕೆಗಳನ್ನು ಅವರೂ ಸಾರಜನಕದಲ್ಲೇ ಇಡುತ್ತಿದ್ದರು. ನನ್ನ ಕ್ಯಾನು ನೋಡಿ, “ಹೋರಿದೋ, ಕ್ವಾಣದೋ?” ಎಂದರು.

“ಮೀನಿನದು.”

“ಈಗ ಮೀನಕೂ ಸೂಜಿ ಹಾಕಾಕತ್ತೀರೇನ್ರಿ!”

ನಗುವ ಸ್ಥಿತಿಯಲ್ಲಿರಲಿಲ್ಲ ನಾನು. ಎಲ್ಲ ಹೇಳಿದೆ. ಅವರು ಗಡ್ಡ ಕೆರೆದುಕೊಂಡರು. ನಳಿಕೆಗಳನ್ನು ಪಶು ಆಸ್ಪತ್ರೆಯ ದೊಡ್ಡ ಕ್ಯಾನಿಗೆ ಹಾಕಿ ಬಂದು, ತಮ್ಮದನ್ನು ಸಾರಜನಕದ ಸಮೇತ ನನ್ನ ಮುಂದಿಟ್ಟರು. ಚೂರುಗಳನ್ನು ತಾವೇ ಚಿಮಟದಲ್ಲಿ ಎತ್ತಿ ಹಾಕಿದರು.

“ನಿಮ್ಮ ಕೆಲಸಕ್ಕೆ?” ಎಂದೆ.

“ಎಂಟ ದಿನದಾಗ ಪಾರ್ಸಲ್ ಮಾಡ್ರಿ. ಅಲ್ಲೀಮಟಾ ನಾ ಒಂದೀಟ ಆರಾಮ ಮಾಡತೇನಿ.”

ಮೂರನೆಯ ದಿನ ಶೇಡಬಾಳ. ಕಡೆಯ ಎರಡು ಮೀನೂ ಸಿಕ್ಕವು. ದಪ್ಪನೆಯದು ಮೂರು ಕಿಲೋ, ಅದರ ಒಡಹುಟ್ಟು ಅರ್ಧ ಕಿಲೋ. ಬೆಳಗಾವಿಯ ಗಾಡಿಗೆ ಸ್ಟೇಷನ್ನಿನಲ್ಲಿ ಕುಳಿತಿದ್ದಾಗ ದ್ರಾಕ್ಷಿಯ ಪೆಟ್ಟಿಗೆಗಳನ್ನು ಮಿರಜಕ್ಕೆ ಕಳಿಸಲು ಬಂದಿದ್ದ ರೈತನೊಬ್ಬ ನನ್ನ ಪಕ್ಕದ ಕ್ಯಾನನ್ನೇ ನೋಡುತ್ತ ನಿಂತ.

“ಇದು ನಮ್ಮ ದಸ್ತಗೀರನ ಕ್ಯಾನ್ ಅಲ್ಲೇನ್ರಿ?”

ಹೌದೆಂದೆ.

“ಅದಕ್ಕ ಬಂದಿಲ್ಲ ಅಂವಾ! ನಿನ್ನಿಯಿಂದ ಎಮ್ಮಿ ಒದರಾಕತ್ತೈತಿ. ಬೆದಿಗಿ ಬಂದೈತಿ. ಎರಡ ಸಲ ಹೇಳಿ ಕಳಿಸೇನಿ.”

ನನ್ನ ಮುಖ ಸಪ್ಪಗಾಯಿತು. ಆರಾಮ ಮಾಡುತ್ತೇನೆ ಎಂದ ದಸ್ತಗೀರ ಸಾಹೇಬರಿಗೆ ಯಾರ ಯಾರ ಮಾತು ಕೇಳಬೇಕಾಗಿ ಬಂದಿದೆಯೋ, ಯಾವ ಯಾವ ಹಟ್ಟಿಯಲ್ಲಿ ಎಮ್ಮೆ ಒದರುತ್ತಿದೆಯೋ ಎಂದು ಆಗಷ್ಟೇ ಹೊಳೆಯಿತು. ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದು, ಬೈಯುವುದಾದರೆ ನನ್ನನ್ನೇ ಬೈಯಿರಿ ಎಂದೆ. ಅವನು ಕ್ಯಾನಿನ ಮುಚ್ಚಳ ತೆಗೆಸಿ, ಮೇಲೇಳುವ ಬಿಳಿ ಹೊಗೆಯನ್ನು ಬಗ್ಗಿ ನೋಡಿದ. ದೂರದಲ್ಲಿ ಗಾಡಿ ಕೂಗಿತು. ಅವನೇ ಕ್ಯಾನನ್ನು ಜೋಪಾನವಾಗಿ ಎತ್ತಿಕೊಂಡು ನನ್ನ ಜೊತೆ ಡಬ್ಬಿಯವರೆಗೆ ಬಂದ.

“ಎಮ್ಮಿ ಇಪ್ಪತ್ತೊಂದ ದಿನಕ್ಕ ಮತ್ತ ಬೆದಿಗಿ ಬರತೈತ್ರಿ ಬಾಯಾರ,” ಎಂದ. “ನಿಮ್ಮ ಮೀನ ಮತ್ತೊಮ್ಮಿ ಸಾಯಂಗಿಲ್ಲಲ್ಲ. ಹತ್ರಿ, ಹತ್ರಿ.”

ಅವನ ಹೆಸರು ಕೇಳುವಷ್ಟರಲ್ಲಿ ಗಾಡಿ ಹೊರಟಿತು. ಕೃಷ್ಣೆಯ ಸೇತುವೆ ದಾಟುವವರೆಗೂ ನಾನು ಬಾಗಿಲಲ್ಲೇ ಕೈಮುಗಿದು ನಿಂತಿದ್ದೆ.